ನಮ್ಮ ಕಾಕಾಗೆ ಬಂದಿದ್ದು ಸೊಕ್ಕಲ್ಲ, ಬೇನೆ

ಉದ್ದ ಪೋಸ್ಟು ಇದು. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈರಿ.

ಹೋದ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಎಲ್ಲರ ಸ್ಟೇಟಸ್‌ನಲ್ಲೂ ಹಸಿರು ರಿಬ್ಬನ್. ಅದೇ ದಿನ ನಮ್ಮ ಸಂಘಟನೆಯ ವಾಟ್ಸಾಪ್ ಗುಂಪಿಗೆ ಯಾರೋ ಒಬ್ಬ ಮುಖಂಡ ಮೀಸಲಾತಿ ವಿರುದ್ಧ ಮಾತಾಡಿದ್ದ ವಿಡಿಯೋ ಬಂತು. ಕೆಳಗೆ ನಮ್ಮವರೇ ಒಬ್ಬರು ಬರೆದರು: "ಈ ಹುಚ್ಚನ್ನ ಧಾರವಾಡಕ್ಕ ಕಳಸ್ರೋ." ಎಲ್ಲರೂ ನಕ್ಕರು. ನಾನೂ ಒಂದು ನಗುವ ಮುಖ ಒತ್ತಿದೆ.

ಬೆಂಗಳೂರು ಕಡೆಯವರು ಬೈಯುವಾಗ ನಿಮ್ಹಾನ್ಸ್ ಅಂತೀರಲ್ಲ, ನಮ್ಮ ಕಡೆ ಅದಕ್ಕೆ ಧಾರವಾಡ ಅಂತೀವಿ. ರಾತ್ರಿ ಊಟಕ್ಕೆ ಕೂತಾಗ ತುತ್ತು ಇಳೀಲಿಲ್ಲ. ಯಾಕಂದ್ರೆ ನಮ್ಮ ಮನೆಯಿಂದ ಒಬ್ಬನನ್ನ ನಿಜವಾಗಿಯೂ ಧಾರವಾಡಕ್ಕೆ ಕರ್ಕೊಂಡು ಹೋಗಿದ್ವಿ. ನಮ್ಮ ಕಾಕಾನ್ನ. ಇಷ್ಟು ವರ್ಷ ಎಷ್ಟು ವೇದಿಕೆ ಹತ್ತಿದ್ದೀನಿ, ಅವನ ಹೆಸರು ಒಂದು ಸಲವೂ ಎತ್ತಿಲ್ಲ.

ನಮ್ಮೂರು ತುಂಗಭದ್ರೆ ದಂಡೆ ಮೇಲಿನದು. ಮುಂಡರಗಿ ತಾಲೂಕು. ಈಗ ಗದಗ ಜಿಲ್ಲೆ, ಆಗ ಇನ್ನೂ ಧಾರವಾಡ ಜಿಲ್ಲೆ. 1988. ನಾನು ಮೂರನೇ ಕ್ಲಾಸು. ಅಪ್ಪನ ಬೆನ್ನಿಗೆ ಹುಟ್ಟಿದ ಕಾಕಾ ಊರಿನ ದೊಡ್ಡ ಮನೆಯಲ್ಲಿ ಸಂಬಳಕ್ಕಿದ್ದ. ಇಪ್ಪತ್ತನಾಲ್ಕರ ಗಟ್ಟಿ ಆಳು. ಆ ವರ್ಷ ಬೇಸಿಗೆಯಿಂದ ಅವನಿಗೆ ನಿದ್ದೆ ಹೋಯ್ತು. ರಾತ್ರಿ ಎದ್ದು ಕೂತು ಯಾರೋ ಕರೆದಂಗೆ "ಹೂಂ, ಬಂದೆ" ಅನ್ನೋನು. ಕೇರಿಯವರು, ಬಾವಿ ಹತ್ರ ಮಲಗಿದ್ದ, ಗಾಳಿ ಸೋಕೇತಿ ಅಂದ್ರು. ಅವ್ವ ತಾಯತ ಕಟ್ಟಿಸಿದಳು. ಐದು ಗುರುವಾರ ದರ್ಗಾಕ್ಕೆ ಕರ್ಕೊಂಡು ಹೋಗಿ ಕೂರಿಸಿದಳು.

ಅದೇ ವರ್ಷ ಊರೊಳಗೆ ಇನ್ನೊಬ್ಬನಿಗೂ ಹೀಗೇ ಆಗಿತ್ತು. ದೊಡ್ಡ ಮನೆತನದ ಹುಡುಗ, ಹುಬ್ಬಳ್ಳಿಯಲ್ಲಿ ಕಾಲೇಜು ಓದ್ತಿದ್ದವನು. ಊರು ಅವನಿಗೆ ಏನಂತಿತ್ತು ಗೊತ್ತಾ? "ಪಾಪ, ಓದಿ ಓದಿ ತಲಿ ಬಿಸಿ ಆಗೇತಿ." ಒಂದು ಮಧ್ಯಾಹ್ನ ಆ ಹುಡುಗ ಬರಿಗಾಲಲ್ಲಿ ನಮ್ಮ ಕೇರಿಗೆ ಬಂದು, ನಮ್ಮ ಮನೆ ಕಟ್ಟೆ ಮೇಲೆ ಕೂತು, ನನ್ನ ಗಂಗಾಳದಲ್ಲಿದ್ದ ರೊಟ್ಟಿ ತಾನೇ ತಗೊಂಡು ತಿಂದುಬಿಟ್ಟ. ಅವ್ವ ನಡುಗ್ತಾ ನಿಂತಿದ್ದಳು. ನಾಲ್ಕು ಜನ ಓಡಿ ಬಂದು "ಬರ್ರಿ ಸಾವ್ಕಾರ, ಮನೀಗಿ ಹೋಗೂನು" ಅಂತ ಕೈ ಹಿಡಿದು ಕರ್ಕೊಂಡು ಹೋದ್ರು. ಹೋಗುವಾಗ ಬೈದಿದ್ದು ಅವ್ವನಿಗೆ: "ನೀ ಯಾಕ ಉಣ್ಣಾಕ ಬಿಟ್ಟಿ?"

ತಿಂಗಳಾಗಿರಲಿಲ್ಲ. ಕಾಕಾ ಒಂದು ಸಂಜೆ ಹನುಮಪ್ಪನ ಗುಡಿ ಕಟ್ಟೆ ಹತ್ತಿ, ಒಳಗೆ ಹೋಗಿ, ತಣ್ಣಗಿನ ಕಲ್ಲಿನ ಮೇಲೆ ಮಲಗಿಬಿಟ್ಟ. ಎಷ್ಟೋ ದಿನ ಆದಮೇಲೆ ಅವತ್ತು ನಿದ್ದೆ ಹತ್ತಿತ್ತು ಅಂತ ಕಾಣ್ತದೆ. ಎಳೆದು ತಂದು ಚಾವಡಿ ಕಂಬಕ್ಕೆ ಕಟ್ಟಿ ಬಾರುಕೋಲಲ್ಲಿ ಹೊಡೆದ್ರು. ಅಪ್ಪ ನೆಲಕ್ಕೆ ಬಿದ್ದು ಬೇಡಿಕೊಂಡ: "ಯಪ್ಪಾ, ಅವನ ತಲಿ ಸರಿ ಇಲ್ರಿ. ತಿಳೀದ ಮಾಡ್ಯಾನ್ರಿ." ಅದಕ್ಕೆ ಬಂದ ಉತ್ತರ ನನಗೆ ಇವತ್ತಿಗೂ ಬಾಯಿಪಾಠ: "ತಲಿ ಸರಿ ಇಲ್ಲದವ ನಿಮ್ಮ ದುರಗವ್ವನ ಗುಡಿಗೆ ಹೋಗಬೇಕಿತ್ತು. ಇಲ್ಲಿಗ್ಯಾಕ ಬಂದ? ಇದು ಹುಚ್ಚಲ್ಲ, ಸೊಕ್ಕು."

ಒಂದೇ ಊರು, ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ಬೇನೆ. ಒಬ್ಬ ನಮ್ಮ ಕಟ್ಟೆ ಮೇಲೆ ಕೂತರೆ ತಲಿ ಬಿಸಿ. ಇನ್ನೊಬ್ಬ ಅವರ ಕಟ್ಟೆ ಹತ್ತಿದರೆ ಸೊಕ್ಕು. ತಲೆ ಕೆಟ್ಟರೂ ತನ್ನ ಜಾಗ ಯಾವುದು ಅನ್ನೋದನ್ನ ನಮ್ಮವನು ಮರೀಬಾರದು ಅಂತ ಊರಿನ ಲೆಕ್ಕ.

ಆಮೇಲೆ ಶಾಲೆ ಮೇಷ್ಟ್ರೊಬ್ಬರು ಅಪ್ಪನಿಗೆ ಧಾರವಾಡದ ದಾರಿ ಹೇಳಿದ್ರು. ಮುಂಡರಗಿ, ಗದಗ, ಹುಬ್ಬಳ್ಳಿ, ಧಾರವಾಡ, ಇಷ್ಟು ಬಸ್ಸು ಬದಲಿಸಿ ಹೋದ್ರು. ಗುಳಿಗೆ ಕೊಟ್ಟರು. ಎರಡು ತಿಂಗಳಲ್ಲಿ ಕಾಕಾ ಮಲಗಿದ, ಉಂಡ, ಕೆಲಸಕ್ಕೆ ಹೋದ, ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೂ ಕರ್ಕೊಂಡು ಹೋದ. ಆದ್ರೆ ತಿಂಗಳಿಗೊಮ್ಮೆ ಇಬ್ಬರ ಬಸ್ ಚಾರ್ಜು, ಎರಡೆರಡು ದಿನದ ಕೂಲಿ. ಮಳೆಗಾಲದಲ್ಲಿ ಕೆಲಸ ಇರಲಿಲ್ಲ, ಗುಳಿಗೆ ಮುಗಿದವು. ದೀಪಾವಳಿ ಹೊತ್ತಿಗೆ ಒಂದು ರಾತ್ರಿ ಎದ್ದು ಹೋದವನು ಮತ್ತೆ ಬರಲಿಲ್ಲ. ಅಪ್ಪ ಸಾಯೋ ತನಕ ಗದಗ ಬಸ್‌ಸ್ಟ್ಯಾಂಡಿನಲ್ಲಿ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಡ್ಡ ಬಿಟ್ಟು ಕೂತವರ ಮುಖ ಬಗ್ಗಿ ನೋಡಿ ಬರ್ತಿದ್ದ.

ನಾನು ಬಿಎ ಮಾಡಿ ಗುಮಾಸ್ತ ಆದವನು. ಕಾನೂನು, ಸುತ್ತೋಲೆ ಓದೋದು ಹೊಟ್ಟೆಪಾಡು. ಅವತ್ತು ರಾತ್ರಿಯಿಂದ ಈ ಹುಚ್ಚಿನ ಕಾನೂನುಗಳ ಚರಿತ್ರೆ ಹಿಡಿದು ಕೂತೆ. ಓದ್ತಾ ಹೋದಂಗೆ ನಮ್ಮೂರಿನ ಚಾವಡಿ ಮತ್ತೆ ಮತ್ತೆ ಕಾಣ್ತು.

ಧಾರವಾಡದ ಹುಚ್ಚಾಸ್ಪತ್ರೆ ಶುರುವಾಗಿದ್ದು 1845ರಲ್ಲಿ. ಆಗ ಅದು ಮುಂಬೈ ಪ್ರಾಂತ್ಯ. 1858ರಲ್ಲಿ ಬ್ರಿಟಿಷರು ಹುಚ್ಚರ ಬಗ್ಗೆ ಒಟ್ಟೊಟ್ಟಿಗೆ ಕಾಯ್ದೆಗಳನ್ನ ತಂದ್ರು. ಅದರಲ್ಲಿ ಎರಡನ್ನ ಪಕ್ಕ ಪಕ್ಕ ಇಟ್ಟು ನೋಡ್ರಿ. ಆ ವರ್ಷದ 35ನೇ ಕಾಯ್ದೆ ಆಸ್ತಿ ಇದ್ದವರದ್ದು. ಸಿವಿಲ್ ಕೋರ್ಟು ವಿಚಾರಣೆ ಮಾಡಬೇಕು, ಇವನಿಗೆ ನಿಜವಾಗಿ ಬುದ್ಧಿ ಸ್ವಾಧೀನ ಇಲ್ಲ ಅಂತ ತೀರ್ಮಾನಿಸಬೇಕು, ಆಸ್ತಿಗೂ ಅವನ ಯೋಗಕ್ಷೇಮಕ್ಕೂ ಜನ ನೇಮಿಸಬೇಕು. 36ನೇ ಕಾಯ್ದೆ ಹುಚ್ಚಾಸ್ಪತ್ರೆಗಳದ್ದು. ಅದರಲ್ಲಿ ದಾರೋಗನಿಗೆ ಒಂದು ಕರ್ತವ್ಯ: ತನ್ನ ಹದ್ದಿನಲ್ಲಿ ಅಲೆದಾಡುವ ಹುಚ್ಚರನ್ನ ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸೋದು. ಬಡವರನ್ನ ಹಿಡೀರಿ ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಬರೆಯೋ ಅಗತ್ಯವೂ ಇರಲಿಲ್ಲ. ಬೀದಿಯಲ್ಲಿ ಅಲೆಯೋನು ಯಾರು? ಒಳಕೋಣೆ ಇಲ್ಲದವನು, ಕಾವಲಿಗೆ ಆಳು ಇಲ್ಲದವನು. ದೊಡ್ಡ ಮನೆಯ ಹುಡುಗನನ್ನ ಮಾಳಿಗೆಯ ಒಳಗೆ ಮಲಗಿಸಿದ್ರು. ನಮ್ಮ ಮನೆಗೆ ಇದ್ದಿದ್ದೇ ಒಂದು ಖೋಲಿ.

ಆ ಕಾಲದ ಆಸ್ಪತ್ರೆಗಳ ವಾರ್ಷಿಕ ವರದಿಗಳಲ್ಲಿ ಹುಚ್ಚಿಗೆ ಕಾರಣ ಏನು ಅನ್ನೋದಕ್ಕೆ ಪಟ್ಟಿ ಇರ್ತಿತ್ತು. ಅದರಲ್ಲಿ ಮತ್ತೆ ಮತ್ತೆ ಬರೋ ಉತ್ತರ ಗಾಂಜಾ. ದೇಶಕ್ಕೆ ದೇಶವೇ ಗಾಂಜಾ ಸೇದಿ ಹುಚ್ಚಾಗ್ತಿದೆ ಅನ್ನೋ ಗುಲ್ಲೆದ್ದು, 1893ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಆಯೋಗದವರು ಒಂದೊಂದೇ ಪ್ರಕರಣ ಬಿಚ್ಚಿ ನೋಡಿದಾಗ ಬಂಡವಾಳ ಬಯಲಾಯ್ತು. ಬೀದಿಯಿಂದ ಹಿಡಿದು ತಂದವನ ಹಿಂದುಮುಂದು ಪೊಲೀಸಿಗೆ ಗೊತ್ತಿಲ್ಲ. ನಮೂನೆಯಲ್ಲಿ ಕಾರಣ ಅನ್ನೋ ಕಾಲಂ ಮಾತ್ರ ತುಂಬಲೇಬೇಕು. ಕೈಗೆ ಸಿಕ್ಕ ಉತ್ತರ ಗಾಂಜಾ. ಅದೇ ಆಸ್ಪತ್ರೆ ದಾಖಲೆಗೆ ಇಳೀತು, ಅದೇ ಅಂಕಿಅಂಶ ಆಯ್ತು. ಸರಿಯಾಗಿ ವಿಚಾರಿಸಿದ ಮೇಲೆ ಎಷ್ಟೋ ಪ್ರಕರಣ ಬಿದ್ದುಹೋದವು.

ಇದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಕಾಲಂ ಖಾಲಿ ಬಿಡಬಾರದು ಅನ್ನೋದು ನನಗೂ ಕಲಿಸಿರೋ ಪಾಠ. ಅದರ ಕಥೆ ಕೆಳಗೆ ಹೇಳ್ತೀನಿ.

1912ರಲ್ಲಿ ಇಂಡಿಯನ್ ಲೂನಸಿ ಆಕ್ಟ್ ಬಂತು. ಪೊಲೀಸು, ಮ್ಯಾಜಿಸ್ಟ್ರೇಟು ಹಾಗೇ ಉಳಿದ್ರು. ಸ್ವಾತಂತ್ರ್ಯ ಬಂತು, ಬಾಬಾಸಾಹೇಬರ ಸಂವಿಧಾನ ಬಂತು, ಈ ಕಾಯ್ದೆ ಮಾತ್ರ ಅಲ್ಲೇ ಕೂತಿತ್ತು. ಅದರ ಬದಲಿಗೆ 1987ರಲ್ಲಿ ಪಾಸಾದ ಕಾಯ್ದೆ ಜಾರಿಗೆ ಬಂದಿದ್ದು 1993ರಲ್ಲಿ. ಅಂದ್ರೆ 1988ರಲ್ಲಿ ಕಾಕಾ ಮನೆ ಬಿಟ್ಟಾಗ, ಕಾನೂನಿನ ಕಣ್ಣಲ್ಲಿ ಅವನು ರೋಗಿಯಲ್ಲ, ಅಲೆಯೋ ಹುಚ್ಚ.

ಇನ್ನು ವಿದ್ವಾಂಸರ ಕಡೆ ಬರೋಣ. ಜಾತಿಗೂ ಮನಸ್ಸಿನ ಬೇನೆಗೂ ಏನು ಸಂಬಂಧ ಅಂತ ನಮ್ಮ ನಾಡಿನಲ್ಲೇ ಒಂದು ದೊಡ್ಡ ಅಧ್ಯಯನ ಆಗಿದೆ. ಆಗಿನ ದಕ್ಷಿಣ ಕನ್ನಡದ ಕೋಟ ಊರಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅನ್ನೋ ಇಬ್ಬರು ಮನೋವೈದ್ಯರು ಮನೆ ಮನೆಗೆ ಹೋಗಿ ಮಾಡಿದ್ದು. ಪುಸ್ತಕ ಬಂದಿದ್ದು 1976ರಲ್ಲಿ. ಜನ ಡಾಕ್ಟರ ಹತ್ತಿರವೂ ಹೋಗ್ತಾರೆ, ವೈದ್ಯ, ಮಂತ್ರವಾದಿ, ಪಾತ್ರಿಗಳ ಹತ್ತಿರವೂ ಹೋಗ್ತಾರೆ ಅನ್ನೋದನ್ನ ಹಂಗಿಸದೆ ದಾಖಲಿಸಿದ್ರು. ದೊಡ್ಡ ಕೆಲಸ, ಅನುಮಾನ ಇಲ್ಲ. ಆದ್ರೆ ಹೋಲಿಕೆಗೆ ಅವರು ಆರಿಸಿಕೊಂಡ ಜಾತಿಗಳು ಮೂರು: ಬ್ರಾಹ್ಮಣರು, ಬಂಟರು, ಮೊಗವೀರರು. ನಮ್ಮ ಕೇರಿಯ ಮನಸ್ಸು ಆ ಮೂರರಲ್ಲಿ ಇಲ್ಲ.

ಇನ್ನೊಂದು ಹೇಳ್ತೀನಿ, ಇದು ನನಗೆ ತೀರಾ ನೋವು ಕೊಟ್ಟ ವಿಷಯ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಒಂದು ಪ್ರಯೋಗ ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಬೇನೆಯ ಗುಳಿಗೆಗಳು ಊರಿನ ಹತ್ತಿರವೇ ಸಿಗೋ ಹಾಗೆ ಮಾಡೋದು. ಆಮೇಲೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯ್ತು. ನಮ್ಮ ಹೊಳೆಯ ಆಚೆ ದಂಡೆ ಹಡಗಲಿ ತಾಲೂಕು, ಆಗ ಬಳ್ಳಾರಿ ಜಿಲ್ಲೆ. 1988ರಲ್ಲಿ ಆ ಪ್ರಯೋಗ ನಡೀತಾ ಇತ್ತು. ಅಪ್ಪ ಬಸ್ ಚಾರ್ಜಿಗೆ ಸಾಲ ಕೇಳ್ತಾ ತಿರುಗುವಾಗ, ಹೊಳೆ ಆಚೆಯ ಜಿಲ್ಲೆಯಲ್ಲಿ ಅದಕ್ಕೊಂದು ದಾರಿ ಹುಡುಕ್ತಾ ಇದ್ರು. ನಮಗೆ ಹೇಳೋರು ಯಾರೂ ಇರಲಿಲ್ಲ.

ಈಗ ಯಾರಾದ್ರೂ "ನಿಮ್ಮ ಜನ ಮೂಢನಂಬಿಕೆಯವರು, ಆಸ್ಪತ್ರೆ ಬಿಟ್ಟು ದರ್ಗಾ, ತಾಯತ ಅಂತಾರೆ" ಅಂದ್ರೆ ನಾನು ಕೇಳ್ತೀನಿ: ಅವ್ವ ದರ್ಗಾಕ್ಕೆ ಯಾಕೆ ಹೋದಳು? ಅದು ನಡೆದು ಹೋಗೋ ದೂರದಲ್ಲಿತ್ತು. ದುಡ್ಡು ಕೇಳಲಿಲ್ಲ. ನೀನು ಯಾರು, ಯಾವ ಕೇರಿ ಅಂತ ಕೇಳದೆ ಒಳಗೆ ಕೂರಿಸಿಕೊಂಡಿತು. ಗಾಳಿ ಸೋಕೇತಿ ಅನ್ನೋ ಮಾತಿನಲ್ಲಿ ಕಾಕಾನ ಮೇಲೆ ತಪ್ಪು ಹೊರಿಸೋದು ಇರಲಿಲ್ಲ. ಬೇನೆ ಹೊರಗಿಂದ ಬಂದಿದೆ, ಹೋಗ್ತದೆ ಅನ್ನೋ ಆಸೆ ಇತ್ತು. ಸೊಕ್ಕು ಅಂದ ಊರಿಗಿಂತ ಆ ಮಾತು ಎಷ್ಟೋ ವಾಸಿ.

ಹಾಗಂತ ತಾಯತ ಸಾಕು ಅಂತ ನಾನು ಹೇಳ್ತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿ ಇಟ್ಟಿದ್ದ 28 ಜನ ಬೆಂಕಿಗೆ ಸಿಕ್ಕು ಓಡೋಕೂ ಆಗದೆ ಸತ್ತರು. ಕಾಕಾನಿಗೆ ಗುಣ ಆಗಿದ್ದು ಗುಳಿಗೆಯಿಂದ, ಅದು ನಾನೇ ಕಣ್ಣಾರೆ ಕಂಡಿದ್ದು. ನಾನು ಹೇಳೋದು ಇಷ್ಟೇ: ಡಾಕ್ಟರು ನೂರು ಕಿಲೋಮೀಟರಿಗೂ ಹೆಚ್ಚು ದೂರ, ತಾಯತ ಪಕ್ಕದ ಬೀದಿಯಲ್ಲಿ. ಈ ದೂರವನ್ನ ಅಳೆಯದೆ ಜನರ ನಂಬಿಕೆಯನ್ನ ಮಾತ್ರ ಅಳೆಯಬೇಡಿ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯೇ ಹೇಳ್ತದೆ, ಬೇನೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗ್ತಿಲ್ಲ ಅಂತ.

ಇದರ ಇನ್ನೊಂದು ಮಗ್ಗುಲೂ ಇದೆ. ನಮ್ಮವರ ಬೇನೆಯನ್ನ ಸೊಕ್ಕು ಅಂದಹಾಗೇ, ದಬ್ಬಾಳಿಕೆ ಸಹಿಸದೆ ಎದ್ದವರನ್ನ ಹುಚ್ಚರು ಅಂದಿದ್ದೂ ಉಂಟು. ಅಮೆರಿಕದಲ್ಲಿ ಕರಿಯರು ಗುಲಾಮರಾಗಿದ್ದ ಕಾಲದಲ್ಲಿ, 1851ರಲ್ಲಿ, ಕಾರ್ಟ್‌ರೈಟ್ ಅನ್ನೋ ಡಾಕ್ಟರು ಒಂದು ಹೊಸ ರೋಗ ಕಂಡುಹಿಡಿದ. ಗುಲಾಮರು ಯಜಮಾನನನ್ನ ಬಿಟ್ಟು ಓಡಿಹೋಗೋದೇ ಆ ರೋಗ. ಅದಕ್ಕೆ ಡ್ರಾಪೆಟೋಮೇನಿಯಾ ಅಂತ ಹೆಸರು. ತಡೆಯೋ ಉಪಾಯಗಳಲ್ಲಿ ಚಾಟಿ ಏಟೂ ಇತ್ತು. ಓದಿ ನನಗೆ ನಮ್ಮ ಚಾವಡಿಯ ಬಾರುಕೋಲು ನೆನಪಾಯ್ತು.

ಅದು ಹಳೇ ಕಥೆ ಅಂತೀರಾ? ರೋಹಿತ್ ವೇಮುಲ ನಮ್ಮನ್ನ ಬಿಟ್ಟು ಹೋಗಿದ್ದು 2016ರ ಜನವರಿ 17ಕ್ಕೆ. ಆಮೇಲೆ ನೇಮಿಸಿದ ಆಯೋಗ ಜಾತಿ ತಾರತಮ್ಯ ಕಾರಣವಲ್ಲ, ವೈಯಕ್ತಿಕ ಹತಾಶೆ ಕಾರಣ ಅನ್ನೋ ಅರ್ಥದ ವರದಿ ಕೊಟ್ಟಿತು. ನಮ್ಮ ಕಾಕಾನಿಗೆ ಬೇಡಿಕೊಂಡರೂ ಸಿಗದ ಮನಸ್ಸಿನ ಬೇನೆ ಅನ್ನೋ ಹೆಸರು, ಜಾತಿಯನ್ನ ಮುಚ್ಚಬೇಕಾದಾಗ ಎಷ್ಟು ಬೇಗ ಸಿಗ್ತದೆ ನೋಡ್ರಿ. ಇದಕ್ಕೆ ಉತ್ತರ ಕೊಡೋ ಭರದಲ್ಲಿ ನಾವೂ ಒಂದು ತಪ್ಪು ಮಾಡ್ತೀವಿ. "ನಮ್ಮ ಹುಡುಗರಿಗೆ ಮನಸ್ಸಿನ ತೊಂದರೆ ಏನೂ ಇಲ್ಲ, ಇರೋದು ಜಾತಿ ಮಾತ್ರ" ಅಂತೀವಿ. ಜಾತಿಯೇ ಮನಸ್ಸನ್ನ ಕಾಯಿಲೆ ಬೀಳಿಸಬಹುದು, ಬಿದ್ದ ಮೇಲೆ ಅದಕ್ಕೆ ಔಷಧಿಯೂ ಬೇಕು, ನ್ಯಾಯವೂ ಬೇಕು ಅಂತ ಹೇಳೋಕೆ ನಮ್ಮ ಬಾಯಿ ತಡವರಿಸ್ತದೆ.

ಈಗ ನನ್ನ ಕಾಲಂ ಕಥೆ. ಸುಮಾರು ಹನ್ನೆರಡು ವರ್ಷದ ಹಿಂದೆ, ನಾನಿದ್ದ ಕಚೇರಿಯಲ್ಲಿ ಒಬ್ಬ ಮೇಲಿನ ಅಧಿಕಾರಿ ಡಿಪ್ರೆಶನ್ ಅಂತ ಮೂರು ತಿಂಗಳು ರಜೆ ಹಾಕಿದ್ರು. ಎಲ್ಲರೂ ಹಣ್ಣು ಹಿಡ್ಕೊಂಡು ಮನೆಗೆ ಹೋಗಿ ಬಂದ್ವಿ. "ಸಾಹೇಬ್ರು ಭಾಳ ಸೂಕ್ಷ್ಮ ಸ್ವಭಾವ" ಅಂದ್ವಿ. ಅದೇ ಹೊತ್ತಿಗೆ ನಮ್ಮವನೇ ಒಬ್ಬ ಡಿ ಗ್ರೂಪ್ ನೌಕರ ಮಾತು ಬಿಟ್ಟಿದ್ದ. ವಾರಗಟ್ಟಲೆ ಬರ್ತಿರಲಿಲ್ಲ. ಬಂದರೆ ಮೂಲೆಯಲ್ಲಿ ಕೂತಿರ್ತಿದ್ದ. ಕುಡೀತಿದ್ದ, ಸುಳ್ಳಲ್ಲ. ಕುಡಿತ ಮೊದಲೋ ನಿದ್ದೆ ಹೋಗಿದ್ದು ಮೊದಲೋ ಅಂತ ಯಾರೂ ಕೇಳಲಿಲ್ಲ. ಕಡತ ಮೇಲೆ ಹೋಯ್ತು. "ಸದರಿ ನೌಕರರು ಮದ್ಯಪಾನ ಚಟಕ್ಕೆ ಬಿದ್ದು ಪದೇ ಪದೇ ಅನಧಿಕೃತವಾಗಿ ಗೈರುಹಾಜರಾಗಿರುತ್ತಾರೆ." ಈ ಟಿಪ್ಪಣಿ ಟೈಪ್ ಮಾಡಿದ್ದು ನಾನು. ಕಾಕಾನ್ನ ಕಣ್ಣಾರೆ ಕಂಡಿದ್ದ ನಾನು. ಆ ಕಾಲದ ದಾರೋಗ ಗಾಂಜಾ ಅಂತ ಬರೆದ ಹಾಗೆ, ನಾನು ಮದ್ಯಪಾನ ಅಂತ ಬರೆದೆ. ವಿಚಾರಣೆ ನಡೀತು, ಅವನ ಕೆಲಸ ಹೋಯ್ತು.

1995ರ ಅಂಗವಿಕಲರ ಕಾಯ್ದೆಯಲ್ಲೇ ಮಾನಸಿಕ ಅಸ್ವಸ್ಥತೆ ಸೇರಿತ್ತು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನ ಕೆಲಸದಿಂದ ತೆಗೆಯಬಾರದು ಅಂತಲೂ ಇತ್ತು. 2016ರ ಹೊಸ ಕಾಯ್ದೆಯಲ್ಲೂ ಇದೆ. ಇದು ನನಗೆ ಗೊತ್ತಾಗಿದ್ದು ಅವನ ಕೆಲಸ ಹೋದ ಎಷ್ಟೋ ವರ್ಷಕ್ಕೆ. ಒಂದು ಸಲ ವೈದ್ಯಕೀಯ ಮಂಡಳಿಗೆ ಕಳಿಸಿ ಅಂತ ಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿದ್ರೆ ಏನಾಗ್ತಿತ್ತೋ. ಅವನ ಹೆಂಡತಿ ಪ್ರತಿಗಳಿಗಾಗಿ ಬಂದಾಗ ನಾನು ಮುಖ ಎತ್ತಿ ನೋಡಲಿಲ್ಲ.

ಇನ್ನೊಂದನ್ನ ಹೇಳಿಬಿಡ್ತೀನಿ. ಅಪ್ಪ 2021ರಲ್ಲಿ ತೀರಿಕೊಂಡ ಮೇಲೆ ನನಗೂ ನಿದ್ದೆ ಹೋಯ್ತು. ಬೇರೆ ಊರಿಗೆ ಹೋಗಿ ಮನೋವೈದ್ಯರನ್ನ ನೋಡಿದೆ. ಗುಳಿಗೆ ಕೂಡ ಅದೇ ಊರಲ್ಲೇ ತಗೊಂಡು ಬರ್ತೀನಿ. ಕಚೇರಿಗೆ ಬೆನ್ನುನೋವು ಅಂತ ರಜೆ ಚೀಟಿ ಕೊಟ್ಟೆ. "ರಿಸರ್ವೇಶನ್ನಿನವರಿಗೆ ತಲೆ ಇಲ್ಲ" ಅಂತ ಬೆನ್ನ ಹಿಂದೆ ಆಡೋ ಮಾತು ಮೊದಲೇ ಇದೆ. ತಲೆಗೆ ಗುಳಿಗೆ ತಗೋತಾನೆ ಅಂತ ಗೊತ್ತಾದ್ರೆ ನನ್ನೊಬ್ಬನನ್ನ ಅನ್ನಲ್ಲ, ಎಲ್ಲರನ್ನೂ ಸೇರಿಸಿ ಅಂತಾರೆ. ಆ ಹೆದರಿಕೆ ಕಚೇರಿಯಲ್ಲಿ ಸರಿ. ನಿಮ್ಮ ಹತ್ರ, ನಮ್ಮ ಸಂಗಾತಿಗಳ ಹತ್ರ ಯಾಕೆ ಮುಚ್ಚಿಟ್ಟೆ? ಹೋರಾಟಗಾರ ಅಂದ್ರೆ ಬಂಡೆ ಥರ ಇರಬೇಕು ಅಂತ ನಾವೇ ಒಬ್ಬರಿಗೊಬ್ಬರು ಹೇಳಿಕೊಂಡು ಬಂದಿದ್ದೀವಲ್ಲ, ಅದಕ್ಕೆ.

ಏನು ಮಾಡೋಣ? ನನಗೆ ತೋಚಿದ್ದು ಹೇಳ್ತೀನಿ.

ದೌರ್ಜನ್ಯ ನಡೆದ ಕೇರಿಗೆ ಹೋದಾಗ ನಮ್ಮ ಮನವಿ ಪತ್ರದಲ್ಲಿ ಪರಿಹಾರ, ಮನೆ, ಜಮೀನು, ನೌಕರಿ ಕೇಳ್ತೀವಿ. ಮನೋವೈದ್ಯರನ್ನ ಕಳಿಸಿ ಅಂತ ನಾನು ಬರೆದ ಒಂದು ಮನವಿಯಲ್ಲೂ ಇಲ್ಲ. ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರಲ್ಲಿ ಸಂತ್ರಸ್ತ ಅನ್ನೋ ಪದಕ್ಕೆ ಕೊಟ್ಟ ಅರ್ಥದಲ್ಲಿ ಮಾನಸಿಕ, ಭಾವನಾತ್ಮಕ ಹಾನಿಯೂ ಸೇರಿದೆ. ಅದನ್ನ ಹಿಡಿದು ಕೇಳೋಣ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಂ ಓದಿಕೊಳ್ಳಿ. ಸಾಮಾಜಿಕ, ಆರ್ಥಿಕ, ರಾಜಕೀಯ ಸ್ಥಾನಮಾನ ನೋಡಿ, ಅಥವಾ ಸಮುದಾಯದ ಚಾಲ್ತಿ ಮೌಲ್ಯಗಳಿಗೆ ಬಗ್ಗಲಿಲ್ಲ ಅಂತ, ಯಾರನ್ನೂ ಮನೋರೋಗಿ ಅಂತ ತೀರ್ಮಾನಿಸೋ ಹಾಗಿಲ್ಲ. ಸರ್ಕಾರದ ಸೇವೆಯಲ್ಲಿ ಜಾತಿ ನೋಡದೆ ಚಿಕಿತ್ಸೆ ಪಡೆಯೋದು 18ನೇ ಕಲಂ ಪ್ರಕಾರ ಹಕ್ಕು. ಬೀದಿಯಲ್ಲಿ ಅಲೆಯೋರನ್ನ ಪೊಲೀಸರು ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಲಾಕಪ್ಪಿಗೆ ಹಾಕಬಾರದು. ಅದು 100ನೇ ಕಲಂ. ಕಾಯ್ದೆ ಇದ್ದ ಮಾತ್ರಕ್ಕೆ ಆಗಿಬಿಡಲ್ಲ, ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಆದ್ರೆ ಕೇಳೋಕೆ ಆಧಾರ ಬೇಕಲ್ಲ.

ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಕೇರಿಯ ಅಂಬೇಡ್ಕರ್ ಭವನದ ಗೋಡೆ ಮೇಲೆ ಬರೆಸಿ. ಬಸ್ ಚಾರ್ಜಿಲ್ಲದ ಅಪ್ಪಂದಿರು ಇನ್ನೂ ಇದ್ದಾರೆ.

ಗುಂಪಿನಲ್ಲಿ ಆ ದಿನ ಒತ್ತಿದ್ದ ನಗುವ ಮುಖ ತೆಗೆದುಹಾಕಿದ್ದೀನಿ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಂದು ಸಲ ಯಾರನ್ನಾದ್ರೂ ಧಾರವಾಡಕ್ಕೆ ಕಳಿಸೋ ಮುಂಚೆ ನಮ್ಮ ಕಾಕಾನ್ನ ಒಂದು ಸಲ ನೆನಪು ಮಾಡಿಕೊಳ್ಳಿ. ಅವನು ಅಲ್ಲಿಗೆ ಹೋಗಿದ್ದ, ಗುಣ ಆಗಿ ಬಂದಿದ್ದ. ತಿಂಗಳು ತಿಂಗಳು ಹೋಗಿ ಬರೋಕೆ ನಮ್ಮ ಹತ್ರ ದುಡ್ಡಿರಲಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ಒಬ್ಬರಿದ್ರೆ ಕೆಳಗೆ ಬರೀರಿ. ಹೆಸರು, ಊರು ಬೇಡ. ಇದ್ದಾರೆ, ಅಥವಾ ಇದ್ದರು ಅಂತ ಒಂದು ಮಾತು ಸಾಕು.

ಜೈ ಭೀಮ್.